ತಲೆ ಇಲ್ಲದ ಬೇಸ್ ಗಿಟಾರನ್ನು ನಂಬಬಹುದಾ?

ಪ್ರಶ್ನೆ: ನಾನು ಮಂಗಳೂರಿನವನು. 11 ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಮದುವೆ ಆರ್ಕೆಸ್ಟ್ರಾ, ಚರ್ಚ್ ಬ್ಯಾಂಡ್ ಅಂತ ವಾರಕ್ಕೆ ಎರಡು ಮೂರು ಕಾರ್ಯಕ್ರಮ ಇರುತ್ತದೆ. ನನ್ನ ಹತ್ತಿರ ಇರುವುದು ಪ್ರಿಸಿಷನ್ ಮಾದರಿಯ ನಾಲ್ಕು ತಂತಿಯ ಗಿಟಾರ್. ಈಚೆಗೆ ಎರಡು ಗಂಟೆ ನಿಂತು ನುಡಿಸಿದರೆ ಎಡ ಭುಜ ಹಿಡಿದುಕೊಳ್ಳುತ್ತದೆ. ನಾನು ಚಿಕ್ಕಂದಿನಿಂದ ಮೆಚ್ಚಿಕೊಂಡು ಬಂದ ಒಬ್ಬ ತಯಾರಕರು ಈಗ ಹೆಡ್‌ಲೆಸ್ ಬೇಸ್, ಅಂದರೆ ಬಿರಡೆ ಕೂರಿಸುವ ತಲೆಯೇ ಇಲ್ಲದ್ದು, ತಂದಿದ್ದಾರೆ. ಉದ್ದವೂ ಕಡಿಮೆ, ತೂಕವೂ ಕಡಿಮೆ. ಗೆಳೆಯರು ‘ತಲೆ ಇಲ್ಲದ್ದು ಅದೆಂಥ ಗಿಟಾರ್ ಮಾರಾಯ’ ಅಂತ ನಗುತ್ತಾರೆ. ಒಳ್ಳೆಯ ಹೆಸರಿರುವ ತಯಾರಕರು ಇಂಥದ್ದಕ್ಕೆ ಯಾಕೆ ಕೈ ಹಾಕುತ್ತಾರೆ? ಇದು ಮಾರಾಟದ ತಂತ್ರವಾ? ನಾದ ಹಾಳಾಗುತ್ತದಾ? ತಗೊಳ್ಳಲಾ, ಬೇಡವಾ? (ತಯಾರಕರ ಹೆಸರನ್ನು ನಾನೇ ತೆಗೆದಿದ್ದೇನೆ.)

ಉತ್ತರ: ನಿಮ್ಮ ಗೆಳೆಯರು ಒಂದು ವಿಷಯ ಮರೆತಿದ್ದಾರೆ. ಈಗ ನಿಮ್ಮ ಹೆಗಲ ಮೇಲಿರುವ ಪ್ರಿಸಿಷನ್ ಮಾದರಿಯನ್ನು 1951ರಲ್ಲಿ ಮೊದಲ ಸಲ ನೋಡಿದವರಿಗೆ ಅದೂ ಇಷ್ಟೇ ವಿಚಿತ್ರವಾಗಿ ಕಂಡಿರಬೇಕು. ಅಲ್ಲಿಯವರೆಗೆ ಬೇಸ್ ಅಂದರೆ ಆಳೆತ್ತರದ ಪಿಟೀಲು. ನೆಲಕ್ಕೆ ನಿಲ್ಲಿಸಿಕೊಂಡು ನುಡಿಸಬೇಕು. ಅದನ್ನು ಗಿಟಾರ್ ಥರ ಅಡ್ಡ ಮಾಡಿ, ಪಟ್ಟಿ ಹಾಕಿ ಹೆಗಲಿಗೆ ಏರಿಸಿ ಮನೆಮಾತು ಮಾಡಿದ್ದು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ರೇಡಿಯೊ ರಿಪೇರಿಯವರು, ಲಿಯೋ ಫೆಂಡರ್.

ಇವರ ಕಥೆಯಲ್ಲಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ, ಸ್ವಲ್ಪ ಹೇಳುತ್ತೇನೆ. ಲಿಯೋಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ನುಡಿಸುವವರ ಗೋಳು ಕೇಳುವುದು ಚೆನ್ನಾಗಿ ಬರುತ್ತಿತ್ತು. ದೊಡ್ಡ ಬೇಸನ್ನು ಕಾರಿನಲ್ಲಿ ಸಾಗಿಸುವುದು ಕಷ್ಟ. ಡ್ರಮ್ಸ್ ಪಕ್ಕ ನಿಂತರೆ ಅದರ ದನಿ ಕೇಳಿಸುವುದಿಲ್ಲ. ಫ್ರೆಟ್ (ನೆಕ್ ಅಂದರೆ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಕಡ್ಡಿ) ಇಲ್ಲ, ಹಾಗಾಗಿ ಬೆರಳು ಕೂದಲೆಳೆ ಆಚೀಚೆ ಆದರೂ ಶ್ರುತಿ ತಪ್ಪುತ್ತದೆ. ಮೂರಕ್ಕೂ ಲಿಯೋ ಒಂದೇ ಏಟಿಗೆ ಮದ್ದು ಮಾಡಿದರು. 34 ಇಂಚಿನ ತಂತಿಯುದ್ದ, ತಂತಿಯ ಕಂಪನವನ್ನು ಸ್ಪೀಕರಿಗೆ ದಾಟಿಸುವ ಪಿಕಪ್, 20 ಫ್ರೆಟ್. ಫ್ರೆಟ್ ಇದ್ದರೆ ಸ್ವರ ಕರಾರುವಾಕ್ಕಾಗಿ ಬೀಳುತ್ತದಲ್ಲ, ಅದಕ್ಕೇ ಪ್ರಿಸಿಷನ್ ಅಂತ ಹೆಸರು.

ಅಲ್ಲಿಗೂ ಅವರು ಕೈಕಟ್ಟಿ ಕೂರಲಿಲ್ಲ. ಮೊದಲ ಬಾಡಿ ಹಲಗೆಯ ಹಾಗೆ ಚಪ್ಪಟೆ ಇತ್ತು, ಅಂಚು ಪಕ್ಕೆಲುಬಿಗೆ ಒತ್ತುತ್ತಿತ್ತು. 1954ರಲ್ಲಿ ಅಂಚು ಕೆತ್ತಿ ಮೈಗೆ ಕೂರುವ ಹಾಗೆ ಮಾಡಿದರು. 1957ರಲ್ಲಿ ಪಿಕಪ್ಪನ್ನು ಎರಡು ತುಂಡು ಮಾಡಿ ಒಂದಕ್ಕೊಂದು ಎದುರಾಗಿ ಜೋಡಿಸಿದರು, ಗುಂಯ್ ಅನ್ನುವ ಕರೆಂಟ್ ಸದ್ದು ಅಡಗಿತು. 1960ರಲ್ಲಿ ಜಾಝ್ ಬೇಸ್ ಬಂತು. ನಟ್ (ತಲೆಯ ಬುಡದಲ್ಲಿ ತಂತಿ ಕೂರುವ ಜಾಗ) ಹತ್ತಿರ ತೆಳ್ಳನೆ ನೆಕ್, ಎರಡು ಪಿಕಪ್. ಈಗ ಲಕ್ಷಣವಾಗಿದೆ ಅಂತ ನಾವು ಹೊಗಳುವ ಎಷ್ಟೋ ಸಂಗತಿಗಳು ಆಗ ಯಾರದೋ ದೂರಿಗೆ ಮಾಡಿದ ರಿಪೇರಿ.

ಅವರದ್ದೆಲ್ಲಾ ಗೆದ್ದಿತು ಅಂತಲ್ಲ. 1965ರಲ್ಲಿ ಫೆಂಡರ್ ಕಂಪನಿಯಿಂದ ಬೇಸ್ ಫೈವ್ ಅಂತ ಐದು ತಂತಿಯ ಗಿಟಾರ್ ಬಂತು. ಐದನೇ ತಂತಿ ಮೇಲಿನ ಸಿ. ಮೇಲಿನ ಸ್ವರಗಳು ಆ ತಂತಿಯಲ್ಲೇ ಸಿಗುತ್ತವೆ ಅಂತ ಫ್ರೆಟ್‌ಗಳನ್ನು 15ಕ್ಕೆ ನಿಲ್ಲಿಸಿದರು. ಲೆಕ್ಕ ಸರಿ ಇತ್ತು. ಆದರೆ ಕೈ ಅಷ್ಟು ಸರಿಸದೆ ಮೇಲಿನ ಸ್ವರ ನುಡಿಸಬೇಕು ಅಂತ ಯಾರೂ ಅಳುತ್ತಿರಲಿಲ್ಲ. ಕೆಲವೇ ವರ್ಷಕ್ಕೆ ಅದು ನಿಂತುಹೋಯಿತು. ಮುಂದೆ ಐದು ತಂತಿಯ ಬೇಸ್ ಮನೆಮಾತಾಯಿತು ನಿಜ, ಆದರೆ ಹೊಸ ತಂತಿ ಕೆಳಗಿನ ಬಿ ಆಗಿತ್ತು. ಸಿಂಥಸೈಜರ್‌ಗಳು ಪಾತಾಳಕ್ಕೆ ಇಳಿದ ಮೇಲೆ ಬೇಸಿಸ್ಟ್‌ಗಳಿಗೂ ಅಲ್ಲಿಗೆ ಇಳಿಯುವ ಅಗತ್ಯ ಬಂತು. ಐದನೇ ತಂತಿ ಅನ್ನುವ ಯೋಚನೆ ಒಂದೇ. ಒಂದು ಸಲ ಅದು ಯಾರೂ ಕೇಳದ ಪ್ರಶ್ನೆಗೆ ಉತ್ತರ ಆಗಿತ್ತು, ಇನ್ನೊಂದು ಸಲ ಎಲ್ಲರೂ ಕೇಳುತ್ತಿದ್ದ ಪ್ರಶ್ನೆಗೆ.

ಅದೇ 1965ರಲ್ಲಿ ಲಿಯೋ ತಮ್ಮ ಕಂಪನಿಯನ್ನು ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್‌ಗೆ ಮಾರಿದರು. ಆಮೇಲೂ ಬಿಡಲಿಲ್ಲ. 1976ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಹೆಸರಲ್ಲಿ ಅವರ ಸ್ಟಿಂಗ್‌ರೇ ಬೇಸ್ ಬಂತು. ಒಂದೇ ದೊಡ್ಡ ಪಿಕಪ್, ಒಳಗೆ ಬ್ಯಾಟರಿಯ ಪ್ರಿಆ್ಯಂಪ್, ಬಿರಡೆಗಳು ಮೇಲೆ ಮೂರು ಕೆಳಗೆ ಒಂದು. ಅದಾದ ಮೇಲೆ ಜಿ ಆ್ಯಂಡ್ ಎಲ್ ಅನ್ನುವ ಇನ್ನೊಂದು ಗಿಟಾರ್ ಕಂಪನಿ. 1991ರಲ್ಲಿ ತೀರಿಕೊಳ್ಳುವ ತನಕ ಬೆಂಚಿನ ಮುಂದೆಯೇ ಇದ್ದರು. ಹಾಗಾಗಿ ಹಳೆಯದೇ ಅಸಲಿ, ಹೊಸದೆಲ್ಲಾ ಆಟ ಅನ್ನುವವರು ಲಿಯೋ ಹೆಸರು ಹೇಳಿಕೊಂಡು ವಾದ ಮಾಡಿದರೆ ನನಗೆ ನಗು ಬರುತ್ತದೆ.

ಈಗ ತಲೆಯ ವಿಷಯಕ್ಕೆ ಬರೋಣ.

1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮರಗೆಲಸದವರೆಲ್ಲ ಸೇರಿ ಒಂದು ಕಾರ್ಖಾನೆ ಜಾಗ ಹಂಚಿಕೊಂಡಿದ್ದರು. ಅಲ್ಲಿ ಸ್ಟುವರ್ಟ್ ಸ್ಪೆಕ್ಟರ್ ಬೇಸ್ ಗಿಟಾರ್ ಮಾಡುತ್ತಿದ್ದರು. ನೆಡ್ ಸ್ಟೈನ್‌ಬರ್ಗರ್ ಪೀಠೋಪಕರಣ ವಿನ್ಯಾಸ ಮಾಡುತ್ತಿದ್ದರು. ನೆಡ್ ಕೂಡ ಸಂಗೀತಗಾರರಲ್ಲ. ಕುರ್ಚಿ ಮಾಡುವವರ ಕಣ್ಣು ಬೇರೆಯೇ ಇರುತ್ತದೆ, ಮನುಷ್ಯರ ಮೈ ಎಲ್ಲಿ ಒರಗುತ್ತದೆ ಅಂತ ಮೊದಲು ನೋಡುತ್ತದೆ. ಅವರು ಸ್ಪೆಕ್ಟರ್‌ಗಾಗಿ ಒಂದು ಬಾಡಿ ವಿನ್ಯಾಸ ಮಾಡಿಕೊಟ್ಟರು. ಹಿಂಬದಿ ಒಳಕ್ಕೆ ಬಾಗಿದೆ, ಮುಂಬದಿ ಹೊರಕ್ಕೆ ಉಬ್ಬಿದೆ, ಹೊಟ್ಟೆಗೆ ಅಪ್ಪಿಕೊಂಡ ಹಾಗೆ ಕೂರುತ್ತದೆ. ಅದು 1977ರ ಸ್ಪೆಕ್ಟರ್ ಎನ್‌ಎಸ್. ಇವತ್ತಿಗೂ ಆ ಆಕಾರದ ಗಿಟಾರ್‌ಗಳು ಬರುತ್ತಿವೆ. ‘ಎನ್‌ಎಸ್’ ಅಂದರೆ ನೆಡ್ ಸ್ಟೈನ್‌ಬರ್ಗರ್.

ಆದರೆ ನೆಡ್‌ಗೆ ಒಂದು ಕಸಿವಿಸಿ ಉಳಿಯಿತು. ಬೇಸ್ ಗಿಟಾರನ್ನು ಪಟ್ಟಿಗೆ ಹಾಕಿ ಕೈ ಬಿಟ್ಟರೆ ತಲೆ ನೆಲದ ಕಡೆ ವಾಲುತ್ತದೆ. ಉದ್ದನೆ ನೆಕ್ಕಿನ ತುದಿಯಲ್ಲಿ ನಾಲ್ಕು ದಪ್ಪ ಲೋಹದ ಬಿರಡೆ ನೇತು ಹಾಕಿದರೆ ಇನ್ನೇನಾಗುತ್ತದೆ? ಉದ್ದ ಕೋಲಿನ ತುದಿಗೆ ಕಾಲು ಕಿಲೋ ಕಟ್ಟಿದರೂ ಇನ್ನೊಂದು ತುದಿ ಹಿಡಿದವರ ಕೈ ಸೋಲುತ್ತದೆ. ಆಗ ಎಡಗೈ ಎರಡು ಕೆಲಸ ಮಾಡಬೇಕು. ಸ್ವರವನ್ನೂ ಒತ್ತಬೇಕು, ನೆಕ್ಕನ್ನೂ ಎತ್ತಿ ಹಿಡಿಯಬೇಕು. ನಿಮ್ಮ ಎಡ ಭುಜದ ನೋವಿನ ಬಗ್ಗೆ ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ. (ಆದರೂ ಒಮ್ಮೆ ವೈದ್ಯರಿಗೆ ತೋರಿಸಿ. ಗಿಟಾರ್ ರಿಪೇರಿ ಮಾಡುವವನ ಮಾತು ಕೇಳಿ ಭುಜಕ್ಕೆ ಮದ್ದು ಮಾಡಬೇಡಿ.)

ನೆಡ್ ಬಿರಡೆಗಳನ್ನು ಬಾಡಿಯ ಕಡೆಗೆ, ಬ್ರಿಡ್ಜ್ (ಗಿಟಾರಿನ ಕುದುರೆ) ಹಿಂದಕ್ಕೆ ತಂದರು. ಅಲ್ಲಿಂದ ಮುಂದೆ ಒಂದು ಎಳೆ ಎಳೆದರೆ ಇನ್ನೊಂದು ಬಿಚ್ಚಿಕೊಂಡ ಹಾಗೆ ಆಯಿತು ನೋಡಿ. ಬಿರಡೆ ಇಲ್ಲದ ಮೇಲೆ ತಲೆ ಯಾಕೆ? ಕತ್ತರಿಸಿದರು. ತಲೆ ಇಲ್ಲದ ಮೇಲೆ ಅದಕ್ಕೆ ಸಮತೂಕ ಕೊಡುವ ದೊಡ್ಡ ಬಾಡಿ ಯಾಕೆ? ಅದನ್ನೂ ಇಳಿಸಿದರು, ದೋಣಿಯ ಹುಟ್ಟಿನ ಹಾಗೆ ಒಂದು ಪುಟ್ಟ ಆಯತ ಉಳಿಯಿತು. ಇಷ್ಟು ಸಣ್ಣದಾದ ಮೇಲೆ ನೆಕ್ ಗಟ್ಟಿ ಇರಬೇಕಲ್ಲ? ಮರದ ಜಾಗಕ್ಕೆ ಎಪಾಕ್ಸಿ ಅಂಟಿನಲ್ಲಿ ಕೂರಿಸಿದ ಗ್ರಾಫೈಟ್ ನಾರು ಬಂತು. 1980ರ ಹೊತ್ತಿಗೆ ಇದೆಲ್ಲ ಸೇರಿ ಸ್ಟೈನ್‌ಬರ್ಗರ್ ಎಲ್2 ಆಯಿತು. ಸ್ಟಿಂಗ್, ಗೆಡ್ಡಿ ಲೀ, ಟೋನಿ ಲೆವಿನ್ ಅಂಥ ಹೆಸರಾಂತ ಬೇಸಿಸ್ಟ್‌ಗಳೆಲ್ಲ ಅದನ್ನು ನುಡಿಸಿದರು. ಪೊರಕೆ ಅಂತ ಛೇಡಿಸಿದವರೂ ಇದ್ದರು.

ನಮ್ಮವರಿಗೆ ಇದು ಅಷ್ಟೇನೂ ಅಪರಿಚಿತ ಅಲ್ಲ ಅಂತ ನನಗನ್ನಿಸುತ್ತದೆ. ತಂಬೂರಿಯ ಬಿರಡೆ ಮೇಲಿದ್ದರೂ ಕೊನೆಯ ಕೂದಲೆಳೆ ಶ್ರುತಿಯನ್ನು ಕುದುರೆಯ ಕೆಳಗಿನ ಮಣಿ ಸರಿಸಿ ಕೂರಿಸುತ್ತೇವೆ. ಪಿಟೀಲಿನಲ್ಲೂ ಬುಡದ ಕಡೆ ಸಣ್ಣ ತಿರುಪು ಇರುತ್ತದೆ. ಬುಡದಿಂದ ಶ್ರುತಿ ಮಾಡುವುದು ಹಳೆಯ ಅಭ್ಯಾಸವೇ. ನೆಡ್ ಪೂರ್ತಿ ಕೆಲಸವನ್ನು ಬುಡಕ್ಕೇ ಒಪ್ಪಿಸಿದರು, ಅಷ್ಟೇ.

ನಾದ ಹಾಳಾಗುತ್ತದಾ ಅಂತ ಕೇಳಿದ್ದೀರಿ. ಇಲ್ಲ. ಬದಲಾಗುತ್ತದೆ. ಹೇಗೆ ಅಂತ ತಿಳಿಯಲು ನಿಮ್ಮ ಈಗಿನ ಗಿಟಾರಲ್ಲೇ ಒಂದು ಪರೀಕ್ಷೆ ಮಾಡಿ. ಜಿ ತಂತಿಯಲ್ಲಿ ಒಂದನೇ ಫ್ರೆಟ್‌ನಿಂದ ಹನ್ನೆರಡರವರೆಗೆ ಒಂದೊಂದೇ ಸ್ವರ ಮೀಟಿ, ಅದು ಸಾಯುವ ತನಕ ಕೇಳಿ. ಐದರಿಂದ ಏಳನೇ ಫ್ರೆಟ್‌ನೊಳಗೆ ಎಲ್ಲೋ ಒಂದು ಸ್ವರ ‘ಟುಂ’ ಅಂದು ಬೇಗ ಮುಳುಗುತ್ತದೆ. ಇದನ್ನು ಡೆಡ್ ಸ್ಪಾಟ್ ಅನ್ನುತ್ತಾರೆ. ಆ ಜಾಗದ ಸ್ವರಗಳು ಸೆಕೆಂಡಿಗೆ 131ರಿಂದ 147 ಕಂಪನದವು. ನೆಕ್ಕಿಗೂ ತನ್ನದೇ ಒಂದು ಕಂಪನ ಇದೆ. ಎರಡೂ ಹತ್ತಿರ ಬಂದರೆ ತಂತಿಯ ಶಕ್ತಿಯನ್ನು ನೆಕ್ ಕುಡಿದುಬಿಡುತ್ತದೆ. ಗಿಟಾರ್ ಕೆಟ್ಟಿದೆ ಅಂತ ಎಷ್ಟೋ ಜನ ಇದಕ್ಕಾಗಿ ನನ್ನ ಹತ್ತಿರ ಬರುತ್ತಾರೆ. ಕೆಟ್ಟಿರುವುದಿಲ್ಲ, ಆ ವಿನ್ಯಾಸದ ಸ್ವಭಾವ ಅದು. ತಲೆಗೆ ಒಂದು ಸಣ್ಣ ಕ್ಲಾಂಪ್ ಬಿಗಿದು ತೂಕ ಹೆಚ್ಚಿಸಿ ನೋಡಿ, ಮುಳುಗುವ ಸ್ವರ ಪಕ್ಕದ ಫ್ರೆಟ್‌ಗೆ ಜಾರುತ್ತದೆ.

ತಲೆಯನ್ನೇ ತೆಗೆದರೆ ಇದರ ಉಲ್ಟಾ. ತುದಿಯ ಭಾರ ಇಳಿಯಿತು, ನೆಕ್ಕಿನ ಕಂಪನ ಮೇಲಕ್ಕೆ ಸರಿಯಿತು. ಗ್ರಾಫೈಟಿನಷ್ಟು ಗಟ್ಟಿ ನೆಕ್ ಆದರೆ ಸ್ವರಗಳೆಲ್ಲಾ ಹೆಚ್ಚುಕಮ್ಮಿ ಸಮವಾಗಿ ಉಳಿಯುತ್ತವೆ. ಆ ಸಮತನವೇ ಕೆಲವರಿಗೆ ಇಷ್ಟವಾಗುವುದಿಲ್ಲ. ಮರದ ನೆಕ್ಕಿನ ಏರುಪೇರಿಗೆ ಕಿವಿ ಒಗ್ಗಿರುತ್ತದೆ, ಇದು ಸಪ್ಪೆ ಅನ್ನಿಸುತ್ತದೆ. ನನಗೂ ಹಳೆಯ ಹಾಡುಗಳಿಗೆ ಮರವೇ ಹಿತ. ಆದರೆ ಇದು ರುಚಿಯ ಮಾತು, ದೋಷದ ಮಾತಲ್ಲ. ನೀವು ನೋಡಿರುವ ಗಿಟಾರ್ ಮರದ್ದೇ ಆಗಿದ್ದರೆ ವ್ಯತ್ಯಾಸ ಇನ್ನೂ ಕಡಿಮೆ. ಮದುವೆ ಮಂಟಪದಲ್ಲಿ ಸ್ಪೀಕರ್ ಮುಂದೆ ಕೂತವರಿಗೆ ಖಂಡಿತ ಗೊತ್ತಾಗುವುದಿಲ್ಲ.

ನಿಜವಾಗಿ ಗೊತ್ತಾಗುವ ಬದಲಾವಣೆ ತಂತಿಯ ಉದ್ದದ್ದು. ‘ಉದ್ದ ಕಡಿಮೆ’ ಅಂತ ಬರೆದಿದ್ದೀರಿ. ಬರೀ ತಲೆ ಹೋಗಿ ಒಟ್ಟು ಉದ್ದ ಕಡಿಮೆಯಾಗಿದೆಯಾ, ಅಥವಾ ತಂತಿಯುದ್ದವೇ ಇಳಿದಿದೆಯಾ? ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ, ಎರಡೂ ಬೇರೆ ಬೇರೆ. ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ಕಟ್ಟಿ, ಉದ್ದವನ್ನು 34 ಇಂಚಿನಿಂದ 30ಕ್ಕೆ ಇಳಿಸಿದರೆ ಬಿಗಿತ ಸುಮಾರು 22% ಕಡಿಮೆಯಾಗುತ್ತದೆ. ಮೊದಲ ಫ್ರೆಟ್‌ನ ಅಗಲ 48.5 ಮಿಲಿಮೀಟರಿಂದ 43ರ ಹತ್ತಿರಕ್ಕೆ ಬರುತ್ತದೆ. ಬೆರಳಿಗೆ ಆರಾಮ. ನಾದ ಮಾತ್ರ ದುಂಡಗೆ, ಮೆತ್ತಗೆ ಆಗುತ್ತದೆ. ಗಟ್ಟಿಯಾಗಿ ಮೀಟುವ ಅಭ್ಯಾಸ ಇದ್ದರೆ ತಂತಿ ಫ್ರೆಟ್‌ಗೆ ಬಡಿದು ಕಟಕಟ ಅನ್ನುತ್ತದೆ. ಸ್ವಲ್ಪ ದಪ್ಪ ತಂತಿ ಹಾಕಿದರೆ ಅರ್ಧ ಸರಿಹೋಗುತ್ತದೆ.

ಇದಕ್ಕೆ ತಿರುಗಾಮುರುಗಾ ಹೋದವರೂ ಇದ್ದಾರೆ. ಕೆಳಗಿನ ಬಿ ತಂತಿ 34 ಇಂಚಿನಲ್ಲಿ ಜೋಲು ಬೀಳುತ್ತದೆ ಅಂತ ಕೆನಡಾದ ಸಾಸ್ಕಟೂನ್‌ನಲ್ಲಿ ಶೆಲ್ಡನ್ ಡಿಂಗ್‌ವಾಲ್ ಅವರು ಬಿ ತಂತಿಗೆ 37 ಇಂಚು, ಜಿ ತಂತಿಗೆ 34 ಇಂಚು ಕೊಟ್ಟು ಫ್ರೆಟ್‌ಗಳನ್ನು ಬೀಸಣಿಗೆಯ ಹಾಗೆ ಓರೆ ಮಾಡಿದ್ದಾರೆ. ಫೋಟೊ ನೋಡಿದರೆ ಕುಡಿದು ಕೂರಿಸಿದ ಹಾಗಿದೆ, ನುಡಿಸಿದರೆ ಹತ್ತು ನಿಮಿಷದಲ್ಲಿ ಕೈಗೆ ಒಗ್ಗುತ್ತದೆ.

ಇನ್ನೊಂದು ಕಾರಣವೂ ತಯಾರಕರನ್ನು ಹೊಸ ದಾರಿಗೆ ತಳ್ಳಿದೆ. ಅದು ನಮ್ಮ ಕಾಡಿಗೂ ಸಂಬಂಧಪಟ್ಟದ್ದು. ಪ್ರಪಂಚದ ಎಷ್ಟೋ ಗಿಟಾರ್‌ಗಳ ಫಿಂಗರ್‌ಬೋರ್ಡ್ (ಬೆರಳು ಒತ್ತುವ ಹಲಗೆ) ನಮ್ಮ ಪಶ್ಚಿಮ ಘಟ್ಟದ ಸೀಮೆಯ ಬೀಟೆ ಮರದ ಜಾತಿಯದ್ದು. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದ ಮೇಲೆ ಎಲ್ಲರೂ ಬೀಟೆಯ ಕಡೆ ತಿರುಗಿದರು. 2017ರ ಜನವರಿಯಿಂದ ಆ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ, ಅಪಾಯದಲ್ಲಿರುವ ಗಿಡ ಪ್ರಾಣಿಗಳನ್ನು ಕಾಯುವ ಸೈಟೀಸ್ ಒಪ್ಪಂದದ ಕಾಗದಪತ್ರ ಬೇಕಾಯಿತು. ದೊಡ್ಡ ಕಂಪನಿಗಳು ಕೂಡ ಕೆಲವು ಮಾದರಿಗಳಲ್ಲಿ ಪಾವ್ ಫೆರೊ ಅನ್ನುವ ಬೇರೆ ಮರಕ್ಕೆ ಹೋದವು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಆದರೆ ಆ ಎರಡು ಮೂರು ವರ್ಷದಲ್ಲಿ ಅನೇಕ ತಯಾರಕರು ಬೇರೆ ಮರ, ಹುರಿದ ಮೇಪಲ್, ಕೃತಕ ವಸ್ತು ಎಲ್ಲವನ್ನೂ ಪ್ರಯೋಗ ಮಾಡಿ ನೋಡಿಬಿಟ್ಟಿದ್ದರು.

ಮಾರಾಟದ ತಂತ್ರವಾ ಅಂದರೆ, ಕೆಲವು ಸಲ ಹೌದು. ಎಲ್2 ಹೆಸರು ಮಾಡಿದ ಮೇಲೆ ಅದರ ಆಕಾರ ನಕಲು ಮಾಡಿದ ಅಗ್ಗದ ಗಿಟಾರ್‌ಗಳು ರಾಶಿ ಬಂದವು. ತಲೆ ಕತ್ತರಿಸಿದ್ದರು, ಆದರೆ ಯಾಕೆ ಕತ್ತರಿಸಿದ್ದು ಅನ್ನುವುದು ಗೊತ್ತಿರಲಿಲ್ಲ. 1990ರ ದಶಕಕ್ಕೆ ಹೆಡ್‌ಲೆಸ್ ಅಂದರೆ ಹಳೇ ಫ್ಯಾಷನ್ ಅಂತ ಮೂಲೆ ಸೇರಿತು. ಸ್ವತಃ ಸ್ಟೈನ್‌ಬರ್ಗರ್ ಕಂಪನಿಯೇ ಮರದ ಬಾಡಿಯ, ಮಾಮೂಲಿ ಆಕಾರಕ್ಕೆ ಹತ್ತಿರದ ಮಾದರಿಗಳನ್ನು ಮಾಡಿತ್ತು. ಯಾಕೆಂದರೆ ಆ ಪುಟ್ಟ ಆಯತ ಕೂತು ನುಡಿಸುವವರ ತೊಡೆಯ ಮೇಲೆ ನಿಲ್ಲುತ್ತಿರಲಿಲ್ಲ, ಅದಕ್ಕೆ ಮಡಚುವ ಒಂದು ಕಾಲು ಬೇಕಿತ್ತು. ಕಂಪನಿ ಗಿಬ್ಸನ್ ಅನ್ನುವ ದೊಡ್ಡ ಗಿಟಾರ್ ಕಂಪನಿಯ ಪಾಲಾಯಿತು. ನೆಡ್ 1990ರಲ್ಲಿ ಎನ್‌ಎಸ್ ಡಿಸೈನ್ ಶುರು ಮಾಡಿದರು. ಎಲೆಕ್ಟ್ರಿಕ್ ಪಿಟೀಲು, ಚೆಲ್ಲೊ, ನಿಂತು ನುಡಿಸುವ ಬೇಸ್, ಹೀಗೆ ಕಮಾನಿನ ವಾದ್ಯಗಳಿಗೆ ಕೈ ಹಾಕಿದರು. ಗಮನಿಸಿದಿರಾ? ಲಿಯೋ ಯಾವ ದೊಡ್ಡ ಬೇಸನ್ನು ಬಿಟ್ಟು ಹೊರಟರೋ ನೆಡ್ ಅದೇ ಬೇಸಿಗೆ ವಾಪಸ್ ಬಂದರು.

ಹೆಡ್‌ಲೆಸ್ ಕೂಡ ವಾಪಸ್ ಬಂದಿದೆ. 2020ರಲ್ಲಿ ಐಬನೆಜ್ ಅಂಥ ದೊಡ್ಡ ಕಂಪನಿಯೇ ಇಎಚ್‌ಬಿ ಅನ್ನುವ ಹೆಡ್‌ಲೆಸ್ ಬೇಸ್ ಸಾಲು ತಂದಿತು. ಈ ಸಲದವು ತೊಡೆಯ ಮೇಲೂ ಕೂರುತ್ತವೆ, ಮಾಮೂಲಿ ತಂತಿಯನ್ನೂ ಹಿಡಿಯುತ್ತವೆ.

ತಂತಿಯ ವಿಷಯ ಸಣ್ಣದಲ್ಲ. ನನ್ನದೇ ಕಥೆ ಕೇಳಿ. ಹಿಂದೊಮ್ಮೆ ಹಳೆಯ ಹೆಡ್‌ಲೆಸ್ ಬೇಸ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೆ. ಅದಕ್ಕೆ ಎರಡೂ ತುದಿಯಲ್ಲಿ ಗುಂಡು ಇರುವ ವಿಶೇಷ ತಂತಿಯೇ ಬೇಕು. ಹಾಸನದಲ್ಲಿ ಕಾರ್ಯಕ್ರಮದ ಮಧ್ಯೆ ಎ ತಂತಿ ಕಿತ್ತುಹೋಯಿತು. ಬೇಸ್ ತಂತಿ ಕೀಳುವುದೇ ಅಪರೂಪ, ಬಿಡಿ ತಂತಿ ತಂದಿರಲಿಲ್ಲ. ಪಕ್ಕದ ಬ್ಯಾಂಡಿನವರು ಪಾಪ ಒಂದು ಸೆಟ್ ಕೊಟ್ಟರು, ಆದರೆ ಮಾಮೂಲಿ ತಂತಿ, ಕೂರಲೇ ಇಲ್ಲ. ಉಳಿದ ಐದು ಹಾಡನ್ನು ಮೂರು ತಂತಿಯಲ್ಲಿ ಮುಗಿಸಿದೆ. ಎಂಟು ದಿನ ಎಲ್ಲರೂ ನನ್ನನ್ನು ಆಡಿಕೊಂಡರು.

ಹಾಗಾಗಿ ಅಂಗಡಿಗೆ ಹೋದಾಗ ಏನು ನೋಡಬೇಕು ಹೇಳುತ್ತೇನೆ. ಕೂತು ಐದು ನಿಮಿಷ ಸೋಲೊ ಬಾರಿಸಿ ಬರಬೇಡಿ. ನಿಮ್ಮದೇ ಪಟ್ಟಿ ತಗೊಂಡು ಹೋಗಿ, ಹಾಕಿಕೊಂಡು ಅರ್ಧ ಗಂಟೆ ನಿಂತು ನುಡಿಸಿ. ಎರಡೂ ಕೈ ಬಿಟ್ಟು ನೋಡಿ, ಗಿಟಾರ್ ಇದ್ದಲ್ಲೇ ಇರಬೇಕು. ತಲೆ ಇಲ್ಲ ಅಂದ ಮಾತ್ರಕ್ಕೆ ಸಮತೂಕ ಬಂದೇ ಬರುತ್ತದೆ ಅಂತಿಲ್ಲ. ಪಟ್ಟಿಯ ಗುಂಡಿ ಎಲ್ಲಿದೆ ಅನ್ನುವುದೂ ಮುಖ್ಯ, ಮೇಲಿನ ಕೊಂಬು ತೀರಾ ಮೋಟು ಇದ್ದರೆ ಹಗುರ ಗಿಟಾರೂ ವಾಲುತ್ತದೆ. ನಿಮ್ಮ ಈಗಿನ ಗಿಟಾರ್ 4 ಕೆಜಿ ಆಸುಪಾಸು ಇರಬಹುದು. ಹೊಸದು 3 ಕೆಜಿಯ ಹತ್ತಿರ ಇದ್ದು ವಾಲದೆ ನಿಂತರೆ ನಿಮ್ಮ ಭುಜಕ್ಕೆ ಅದೇ ದೊಡ್ಡ ಲಾಭ. ಜಿ ತಂತಿಯ ಪರೀಕ್ಷೆಯನ್ನು ಅಲ್ಲೂ ಮಾಡಿ. ಬಿರಡೆಗಳನ್ನು ತಂತಿ ಬಿಗಿ ಇರುವಾಗಲೇ ತಿರುಗಿಸಿ ನೋಡಿ, ಕೆಲವು ಬ್ರಿಡ್ಜ್‌ಗಳಲ್ಲಿ ಬೆರಳು ನೋಯುವಷ್ಟು ಬಿಗಿ ಇರುತ್ತವೆ. ಮತ್ತೆ ಒಂದು ವಿಚಿತ್ರ: ಮೊದಲ ಫ್ರೆಟ್ ಎಲ್ಲಿ ಅಂತ ಕಣ್ಣಂಚಿನಲ್ಲಿ ಹೇಳುತ್ತಿದ್ದದ್ದು ಆ ತಲೆಯೇ. ಅದಿಲ್ಲದೆ ಮೊದಲ ಒಂದು ವಾರ ಕೈ ತಡಕಾಡುತ್ತದೆ. ಹೆದರಬೇಡಿ.

ನೀವು ಕರಾವಳಿಯವರು, ಅದಕ್ಕೆ ಇನ್ನೊಂದು ಮಾತು. ಹೆಡ್‌ಲೆಸ್ ಬ್ರಿಡ್ಜ್‌ನಲ್ಲಿ ಸಣ್ಣ ಸ್ಕ್ರೂಗಳು ಜಾಸ್ತಿ, ಅದೂ ಬಲಗೈ ಬೆವರು ಬೀಳುವ ಜಾಗದಲ್ಲೇ. ಉಪ್ಪು ಗಾಳಿ, ಬೆವರು ಎರಡೂ ಸೇರಿದರೆ ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಳ್ಳುತ್ತವೆ. ಕಾರ್ಯಕ್ರಮ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ತಿಂಗಳಿಗೊಮ್ಮೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ತೊಟ್ಟು ಬಿಡಿ. ಮರದ ನೆಕ್ ಆದರೆ ಮಳೆಗಾಲ ಶುರುವಾದಾಗ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಮಾಡುವ ಒಳಗಿನ ಸರಳು) ನೋಡಿಸಬೇಕು. ಇದು ನಿಮ್ಮ ಈಗಿನ ಗಿಟಾರಿಗೂ ಅನ್ವಯಿಸುತ್ತದೆ, ಮಾಡಿಸುತ್ತಿದ್ದೀರಿ ತಾನೇ?

ನನ್ನ ಅಭಿಪ್ರಾಯ ಕೇಳಿದರೆ, ತಂತಿಯುದ್ದ 34 ಅಥವಾ 32 ಇಂಚು ಇದ್ದು, ಮಾಮೂಲಿ ತಂತಿ ಕೂರುವುದಾದರೆ ತಗೊಳ್ಳಿ. 30 ಇಂಚಿನದ್ದಾದರೆ ಗೆಳೆಯರಿಂದ ಯಾವುದಾದರೂ ಶಾರ್ಟ್ ಸ್ಕೇಲ್ ಎರವಲು ತಂದು ಒಂದು ಪೂರ್ತಿ ಕಾರ್ಯಕ್ರಮ ನುಡಿಸಿ ಆಮೇಲೆ ತೀರ್ಮಾನ ಮಾಡಿ. ಎರಡೂ ತುದಿಗೆ ಗುಂಡಿನ ತಂತಿಯೇ ಬೇಕು ಅನ್ನುವ ಮಾದರಿಯಾದರೆ ಬೇಡ, ಮಂಗಳೂರಿನಲ್ಲಿ ರಾತ್ರಿ ಎಂಟು ಗಂಟೆಗೆ ಎಲ್ಲಿ ಹುಡುಕುತ್ತೀರಿ? ಪ್ರಿಸಿಷನ್ ಮಾರಬೇಡಿ. ಅಗಲ ಪಟ್ಟಿ ಹಾಕಿ ಚರ್ಚ್‌ನ ಸಣ್ಣ ಕಾರ್ಯಕ್ರಮಗಳಿಗೆ ಇಟ್ಟುಕೊಳ್ಳಿ. ಹೊಸದಕ್ಕೆ ತಂತಿ ಬಿಗಿಯುವ ಅಲೆನ್ ಕೀ ಬೇಕಾಗುತ್ತದೆ, ಅದನ್ನು ಎರಡು ಕೊಂಡುಕೊಳ್ಳಿ. ಒಂದು ಬ್ಯಾಗಿನಲ್ಲಿರಲಿ, ಇನ್ನೊಂದು ಡ್ರಮ್ಮರ್ ಹತ್ತಿರ ಇರಲಿ. ನಿಮ್ಮದು ಕಳೆದೇ ಕಳೆಯುತ್ತದೆ.